ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?

ನಿವೃತ್ತಿಯ ನಂತರ ನಾನು ತುಮಕೂರು ನಗರದ ಅಂಚಿನಲ್ಲಿರುವ ಸತ್ಯಮಂಗಲದಲ್ಲಿ ನೆಲೆಸಿದ್ದೇನೆ. ಕೈಗಾರಿಕಾ ಪ್ರದೇಶ ಹತ್ತಿರವಿರುವುದರಿಂದ ನಮ್ಮ ಬೀದಿಯಲ್ಲಿ ಪಾಳಿ ಕೆಲಸದ ಕುಟುಂಬಗಳೇ ಹೆಚ್ಚು. ಕೆಲವು ವರ್ಷಗಳ ಹಿಂದೆ ಎದುರು ಮನೆಯ ನಾಲ್ಕು ವರ್ಷದ ಹುಡುಗನ ಕಣ್ಣಿನ ರೆಪ್ಪೆಗಳು ಬೆಳಗಿನ ಹೊತ್ತು ಊದಿಕೊಳ್ಳತೊಡಗಿದವು. ಸಂಜೆಯ ವೇಳೆಗೆ ಊತ ಇಳಿಯುತ್ತಿತ್ತು. ಔಷಧಿ ಅಂಗಡಿಯವರು ಅಲರ್ಜಿ ಇರಬೇಕೆಂದು ಕಣ್ಣಿಗೆ ಹನಿ ಕೊಟ್ಟರು. ಹಳ್ಳಿಯಿಂದ ಬಂದಿದ್ದ ಅಜ್ಜಿ, ಮೊಮ್ಮಗ ಮೈಕೈ ತುಂಬಿಕೊಂಡಿದ್ದಾನೆಂದು ಸಂತೋಷಪಟ್ಟು ದೃಷ್ಟಿ ತೆಗೆದರು. ಮೂರನೆಯ ವಾರ ಪಾದಗಳೂ ಹೊಟ್ಟೆಯೂ ಊದಿಕೊಂಡು ಚಡ್ಡಿಯ ಗುಂಡಿ ಹಾಕಲಾಗದಂತಾದಾಗ ತಂದೆ ನನ್ನ ಬಳಿ ಬಂದು, ‘ಸಾರ್, ಯಾವ ಡಾಕ್ಟರ ಹತ್ತಿರ ಹೋಗಲಿ, ನೀವೇ ಹೇಳಿ’ ಎಂದರು. ನಾನೂ ಜೊತೆಯಲ್ಲಿ ಹೊರಟೆ.

ನಗರದ ಮಕ್ಕಳ ವೈದ್ಯರೊಬ್ಬರು ಹುಡುಗನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಒಂದೆರಡು ಹನಿ ಆಮ್ಲ ಹಾಕಿದರು. ಬೆಂದ ಮೊಟ್ಟೆಯ ಬಿಳಿಯಂತೆ ಮೂತ್ರ ಗಟ್ಟಿಯಾಗಿ ಹೆಪ್ಪುಗಟ್ಟಿತು. ಎರಡು ನಿಮಿಷದ ಕೆಲಸ. ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರಪಿಂಡದ ಜರಡಿಯಿಂದ ಸೋರಿಹೋಗುತ್ತಿದೆ, ಇದು ನೆಫ್ರೋಟಿಕ್ ಸಿಂಡ್ರೋಮ್ ಎಂದು ಅವರು ಹೇಳಿದರು. ರಕ್ತಪರೀಕ್ಷೆಗಳ ವರದಿ ಮರುದಿನ ಬಂದು ಅದನ್ನೇ ದೃಢಪಡಿಸಿತು. ಆದರೆ ರೋಗ ಗೊತ್ತಾದದ್ದು ಆ ಕೊಳವೆಯಲ್ಲಿಯೇ.

ಈ ಪರೀಕ್ಷೆ ಹೊಸದೇನಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ಮೈ ಊದಿಕೊಂಡು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿ ನೋಡುತ್ತಿದ್ದ. ಊತಕ್ಕೂ, ಮೂತ್ರದ ಪ್ರೋಟೀನಿಗೂ, ಕೆಟ್ಟ ಮೂತ್ರಪಿಂಡಕ್ಕೂ ಇರುವ ಸಂಬಂಧವನ್ನು ಆತ 1827ರಲ್ಲಿ ಪ್ರಕಟಿಸಿದ. ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದಾದ, ಬಹುತೇಕ ಖರ್ಚಿಲ್ಲದ ಈ ವಿದ್ಯೆ ನಮ್ಮ ಬೀದಿಯ ಹುಡುಗನನ್ನು ತಲುಪಲು ಮೂರು ವಾರ ಹಿಡಿಯಿತು. ಎಷ್ಟೋ ಮಕ್ಕಳನ್ನು ಅದು ತಲುಪುವುದೇ ಇಲ್ಲ. ಮಕ್ಕಳ ಮೂತ್ರಪಿಂಡದ ಕಾಯಿಲೆಯ ವಿಷಯದಲ್ಲಿ ನಮ್ಮ ವ್ಯವಸ್ಥೆ ಸೋಲುತ್ತಿರುವುದು ದೊಡ್ಡ ಆಸ್ಪತ್ರೆಯ ದುಬಾರಿ ಯಂತ್ರದ ಮುಂದಲ್ಲ, ಈ ಅಗ್ಗದ ಮೊದಲ ಮೆಟ್ಟಿಲಿನಲ್ಲಿ ಎಂಬುದು ನನ್ನ ವಾದ.

ಹೀಗೆ ಹೇಳಲು ನನಗೊಂದು ಹಳೆಯ ಕಾರಣವೂ ಇದೆ. ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯ ಕಚೇರಿಯಲ್ಲಿ, ಹನ್ನೊಂದು ವರ್ಷದ ಬಾಲಕನೊಬ್ಬನ ಡಯಾಲಿಸಿಸ್ ವೆಚ್ಚಕ್ಕೆ ನೆರವು ಕೋರಿದ ಅರ್ಜಿ ನನ್ನ ಮೇಜಿಗೆ ಬಂತು. ಎರಡೂ ಮೂತ್ರಪಿಂಡಗಳು ವಿಫಲವಾಗಿದ್ದವು. ವೈದ್ಯರ ಪ್ರಮಾಣಪತ್ರದಲ್ಲಿ ಕಾರಣವನ್ನೂ ಬರೆದಿದ್ದರು: ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಇದ್ದ ಕವಾಟದಂಥ ಪದರ. ಗಂಡುಮಕ್ಕಳಲ್ಲಿ ಮಾತ್ರ ಕಾಣುವ ದೋಷವಿದು. ಮೂತ್ರ ಧಾರೆಯಾಗಿ ಬರದೆ ಹನಿಹನಿಯಾಗಿ ಬೀಳುತ್ತದೆ. ಹೊರಹೋಗಲಾರದ ಮೂತ್ರದ ಒತ್ತಡ ಹಿಂದಕ್ಕೆ ಸರಿದು ವರ್ಷಗಟ್ಟಲೆ ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಆ ಬಾಲಕ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಿದ್ದುದಕ್ಕೆ ಶಾಲೆಯಲ್ಲಿ ಅಪಹಾಸ್ಯಕ್ಕೂ ಮನೆಯಲ್ಲಿ ಏಟಿಗೂ ಗುರಿಯಾಗಿದ್ದನೆಂದು ಅವನ ತಂದೆ ನನ್ನೆದುರು ನಿಂತು ಹೇಳಿಕೊಂಡರು. ಹೇಳುವಾಗ ಅವರಿಗೆ ತಲೆ ಎತ್ತಲಾಗಲಿಲ್ಲ. ಕಡತದಲ್ಲಿ ಆದಾಯ ಪ್ರಮಾಣಪತ್ರದ ದಿನಾಂಕ ಮೀರಿತ್ತು. ನಿಯಮದಂತೆ ಹಿಂದಿರುಗಿಸಿದೆ. ಅದು ಸರಿಯಾಗಿ ಮತ್ತೆ ಬಂದು ಮಂಜೂರಾತಿ ಆದೇಶ ಹೊರಡುವ ವೇಳೆಗೆ ಬಾಲಕ ತೀರಿಕೊಂಡಿದ್ದ.

ಆ ವಿಳಂಬದಲ್ಲಿ ನನ್ನ ಪಾಲು ಎಷ್ಟಿತ್ತು ಎಂಬುದು ನನಗೆ ಗೊತ್ತಿದೆ. ಆದರೆ ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು ಎಂಬುದು ಹೊಳೆದದ್ದು ತಡವಾಗಿ. ಶಾಲಾ ಆರೋಗ್ಯ ತಪಾಸಣೆಯ ಪ್ರಗತಿ ವರದಿಗಳನ್ನು ಪರಿಶೀಲಿಸಿ ಸಹಿ ಹಾಕುತ್ತಿದ್ದವರಲ್ಲಿ ನಾನೂ ಒಬ್ಬ. ‘ತಪಾಸಣೆಗೆ ಒಳಪಟ್ಟ ಮಕ್ಕಳು: ಶೇಕಡ ನೂರು’ ಎಂದು ಓದಿ ತೃಪ್ತಿಪಟ್ಟವನು. ಆ ನೂರರಲ್ಲಿ ಒಂದು ಮಗುವಿನ ರಕ್ತದೊತ್ತಡವನ್ನಾಗಲಿ, ಮೂತ್ರವನ್ನಾಗಲಿ ಯಾರಾದರೂ ನೋಡಿದ್ದಾರೆಯೇ ಎಂದು ನಾನು ಯಾವ ಸಭೆಯಲ್ಲೂ ಕೇಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಅಂಕಣವಿಲ್ಲದ್ದು ಆಡಳಿತದ ಕಣ್ಣಿಗೆ ಕಾಣುವುದಿಲ್ಲ.

ಮೂತ್ರಪಿಂಡದ ಕಾಯಿಲೆಯೆಂದರೆ ಮಧುಮೇಹ, ರಕ್ತದೊತ್ತಡಗಳಿಂದ ನಡುವಯಸ್ಸಿನವರಿಗೆ ಬರುವಂಥದ್ದು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ನಮ್ಮ ಜಿಲ್ಲೆಯಲ್ಲಿ ಮಾತು ಕೂಡಲೇ ಬೋರ್‌ವೆಲ್ ನೀರಿನ ಫ್ಲೋರೈಡಿನ ಕಡೆಗೆ ತಿರುಗುತ್ತದೆ. ಫ್ಲೋರೈಡು ಹಲ್ಲು, ಮೂಳೆಗಳಿಗೆ ಮಾಡಿರುವ ಹಾನಿಯನ್ನು ಪಾವಗಡ, ಮಧುಗಿರಿಗಳ ಕಡೆ ಕಣ್ಣಾರೆ ಕಂಡಿದ್ದೇನೆ. ಆದರೆ ಮಕ್ಕಳ ದೀರ್ಘಕಾಲದ ಮೂತ್ರಪಿಂಡ ರೋಗದ ಬಹುದೊಡ್ಡ ಕಾರಣ ನೀರಿನಲ್ಲಿಲ್ಲ, ಗರ್ಭದಲ್ಲಿದೆ. ಮೂತ್ರಪಿಂಡ ಅಥವಾ ಮೂತ್ರಮಾರ್ಗ ಸರಿಯಾಗಿ ರೂಪುಗೊಳ್ಳದಿರುವುದು, ಮೂತ್ರಕೋಶದಿಂದ ಮೂತ್ರ ಹಿಮ್ಮುಖವಾಗಿ ಹರಿಯುವುದು, ಎಲ್ಲೋ ಒಂದೆಡೆ ಅಡ್ಡಿಯಿರುವುದು ಇವೇ ಮುಖ್ಯ. ಇವುಗಳಲ್ಲಿ ಹಲವನ್ನು ಗರ್ಭಿಣಿಯ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಕಾಣಬಹುದು. ಮಗುವಿನ ಮೂತ್ರಪಿಂಡ ಹಿಗ್ಗಿದೆ ಎಂದು ವರದಿಯಲ್ಲಿ ಬರೆದಿರುತ್ತಾರೆ. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುವುದೂ ನಿಜ. ಯಾರಲ್ಲಿ ಸರಿಹೋಗಿಲ್ಲ ಎಂದು ತಿಳಿಯಲು ಹೆರಿಗೆಯಾದ ಮೊದಲ ವಾರದಲ್ಲಿ ಒಮ್ಮೆ, ತಿಂಗಳು ಒಂದೂವರೆ ತಿಂಗಳಿಗೆ ಮತ್ತೊಮ್ಮೆ ಮಗುವಿಗೇ ಸ್ಕ್ಯಾನ್ ಮಾಡಿಸಬೇಕು. ಆದರೆ ಹೆರಿಗೆ ಸುಸೂತ್ರವಾದರೆ ಆ ಹಳೆಯ ವರದಿ ಪ್ಲಾಸ್ಟಿಕ್ ಚೀಲದಲ್ಲಿಯೇ ಉಳಿದುಬಿಡುತ್ತದೆ. ಅಡ್ಡಪದರವನ್ನು ಮೂತ್ರನಾಳದ ಮೂಲಕವೇ ಸಣ್ಣ ಉಪಕರಣ ತೂರಿಸಿ ಕತ್ತರಿಸಲು ಬರುತ್ತದೆ. ಅದನ್ನು ಶೈಶವದಲ್ಲೇ ಮಾಡಿದರೆ ಉಳಿದಷ್ಟು ಮೂತ್ರಪಿಂಡವನ್ನು ಕಾಪಾಡಿಕೊಳ್ಳುವ ಅವಕಾಶವಾದರೂ ಇರುತ್ತದೆ.

ಎರಡನೆಯದು ಜ್ವರ. ಶೀತ, ಕೆಮ್ಮು, ಭೇದಿ ಯಾವುದೂ ಇಲ್ಲದೆ ಹಸುಗೂಸಿಗೆ ಜ್ವರ ಬಂದರೆ ಅದು ಮೂತ್ರದ ಸೋಂಕು ಇರಬಹುದು. ಮಾತು ಬಾರದ ಮಗು ಉರಿಯನ್ನು ಹೇಳಲಾರದು. ಮೂತ್ರದ ಮಾದರಿ ತೆಗೆದುಕೊಂಡ ಮೇಲೆ ಆ್ಯಂಟಿಬಯಾಟಿಕ್ ಕೊಡಬೇಕೇ ಹೊರತು ಕೊಟ್ಟ ಮೇಲೆ ಮಾದರಿ ತೆಗೆದರೆ ಸೋಂಕಿನ ಸುಳಿವು ಅಳಿಸಿಹೋಗಿರುತ್ತದೆ. ಮತ್ತೆ ಮತ್ತೆ ಬರುವ ಸೋಂಕು ಮೂತ್ರಪಿಂಡದಲ್ಲಿ ಮಾಯದ ಗಾಯದ ಗುರುತನ್ನು ಬಿಟ್ಟುಹೋಗುತ್ತದೆ.

ಮೂರನೆಯದು ಶಾಲೆ, ವಿದ್ಯಾರ್ಥಿನಿಲಯಗಳಿಗೆ ಸಂಬಂಧಿಸಿದ್ದು. ಕಜ್ಜಿಯನ್ನು ಕೆರೆದು ಕೀವಾದ ಹುಣ್ಣು ಅಥವಾ ಗಂಟಲ ಸೋಂಕು ಬಂದ ಕೆಲವು ವಾರಗಳ ನಂತರ ಕೆಲವು ಮಕ್ಕಳ ಮುಖ ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ರಕ್ತದೊತ್ತಡ ಏರಿ ಫಿಟ್ಸ್ ಬರುವುದೂ ಉಂಟು. ಸಕಾಲದಲ್ಲಿ ನೋಡಿಕೊಂಡರೆ ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು, ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ಸೊಟ್ಟಗಾಗುವ ಕಾಲು, ಅತಿಯಾದ ಬಾಯಾರಿಕೆ ಇವು ಕೂಡ ಕೆಲವೊಮ್ಮೆ ಮೂತ್ರಪಿಂಡದ ದೂರುಗಳೇ. ಅದು ಕೇವಲ ಕಸ ಸೋಸುವ ಅಂಗವಲ್ಲ. ರಕ್ತ ಉತ್ಪಾದನೆಗೆ ಬೇಕಾದ ಹಾರ್ಮೋನನ್ನೂ, ಮೂಳೆಗೆ ಬೇಕಾದ ಕ್ರಿಯಾಶೀಲ ವಿಟಮಿನ್ ‘ಡಿ’ಯನ್ನೂ ಸಿದ್ಧಪಡಿಸುವುದು ಅದೇ.

ಪರೀಕ್ಷೆ ಮಾಡಿಸಿದರೂ ಕಾಯಿಲೆ ಕಣ್ತಪ್ಪುವ ಇನ್ನೊಂದು ಬಗೆಯಿದೆ. ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ವರದಿಯಲ್ಲಿ ಪಕ್ಕದಲ್ಲೇ ಸಹಜ ಪ್ರಮಾಣವನ್ನು ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ ಅದು ವಯಸ್ಕರದು, ಸುಮಾರು 0.6ರಿಂದ 1.2. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ವಸ್ತು. ಮಗುವಿನ ಸ್ನಾಯು ಕಡಿಮೆ, ಆದ್ದರಿಂದ ಅದರ ಸಹಜ ಪ್ರಮಾಣವೂ ಕಡಿಮೆ. ವೈದ್ಯರು ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿ ಮೂತ್ರಪಿಂಡದ ಕಾರ್ಯಶಕ್ತಿಯನ್ನು ಅಂದಾಜು ಮಾಡುತ್ತಾರೆ. ಶ್ವಾರ್ಟ್ಸ್ ಸೂತ್ರವೆಂದು ಇದಕ್ಕೆ ಹೆಸರು; 2009ರಲ್ಲಿ ಪರಿಷ್ಕೃತವಾದ ರೂಪವಿದು. ನೂರು ಸೆಂಟಿಮೀಟರ್ ಎತ್ತರದ ನಾಲ್ಕು ವರ್ಷದ ಮಗುವಿಗೆ ಕ್ರಿಯಾಟಿನಿನ್ 1.0 ಬಂದರೆ ವರದಿಯ ಪ್ರಕಾರ ಎಲ್ಲವೂ ಸರಿ. ಲೆಕ್ಕ ಹಾಕಿದರೆ ಸಿಗುವುದು 41. ಇರಬೇಕಾದದ್ದು 90ಕ್ಕಿಂತ ಹೆಚ್ಚು. ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಉಡುಗಿಹೋಗಿರುವ ಮಗುವನ್ನು ಒಂದು ಅಚ್ಚಾದ ಅಂಕಿ ಆರೋಗ್ಯವಂತ ಎಂದು ಮನೆಗೆ ಕಳುಹಿಸಬಲ್ಲದು. ರಕ್ತದೊತ್ತಡಕ್ಕೂ ಇದೇ ಮಾತು ಅನ್ವಯಿಸುತ್ತದೆ. 120/80 ಎಂಬುದು ಐದು ವರ್ಷದ ಮಗುವಿಗೆ ಹೆಚ್ಚಾಯಿತು. ಅದನ್ನು ಅಳೆಯಲು ಮಗುವಿನ ತೋಳಿಗೆ ಹೊಂದುವ ಪುಟ್ಟ ಪಟ್ಟಿ ಬೇಕು. ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಇದೆ ಎಂದು ಓದುಗರು ತಮ್ಮ ಊರಿನಲ್ಲಿ ವಿಚಾರಿಸಿ ನೋಡಬಹುದು.

ನಮ್ಮ ಬೀದಿಯ ಹುಡುಗನ ಚಿಕಿತ್ಸೆಗೆ ಮರಳೋಣ. ಎರಡು ವರ್ಷದಿಂದ ಆರು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ನೆಫ್ರೋಟಿಕ್ ಸಿಂಡ್ರೋಮ್‌ಗೆ ಔಷಧಿ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ. ಆ್ಯಂಟಿಬಯಾಟಿಕ್‌ಗಳೂ ಸ್ಟೆರಾಯ್ಡ್‌ಗಳೂ ಬರುವ ಮೊದಲು ಈ ರೋಗದಲ್ಲಿ ಬದುಕಿದ ಮಕ್ಕಳಿಗಿಂತ ಸತ್ತವರೇ ಹೆಚ್ಚು. ಈಗ ಶೇಕಡ 80ಕ್ಕೂ ಹೆಚ್ಚು ಮಕ್ಕಳು ಈ ಅಗ್ಗದ ಮಾತ್ರೆಗೆ ಸ್ಪಂದಿಸುತ್ತಾರೆ. ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ ಸಂಘದ ಮಾರ್ಗಸೂಚಿಯಂತೆ ಮೊದಲ ಸಲ ಆರು ವಾರ ಪ್ರತಿದಿನ, ಅನಂತರ ಆರು ವಾರ ದಿನ ಬಿಟ್ಟು ದಿನ. ಮಾತ್ರೆ ಶುರುವಾದ ಹನ್ನೆರಡನೆಯ ದಿನಕ್ಕೆ ಹುಡುಗನ ಊತ ಇಳಿದು, ಮೂತ್ರ ಶುದ್ಧವಾಯಿತು. ಮನೆಯವರು ಸಿದ್ಧಗಂಗೆಗೆ ಹೋಗಿ ಬಂದರು.

ನಾಲ್ಕನೆಯ ವಾರ ಮಾತ್ರೆ ನಿಂತಿತು. ಯಾರ ನಿರ್ಲಕ್ಷ್ಯದಿಂದಲೂ ಅಲ್ಲ. ಸ್ಟೆರಾಯ್ಡ್‌ನಿಂದ ಮುಖ ದುಂಡಗಾಗಿ, ಹಸಿವು ವಿಪರೀತವಾಗಿ, ಹುಡುಗ ಸಿಡಿಮಿಡಿಗೊಳ್ಳುತ್ತಿದ್ದ. ಸ್ಟೆರಾಯ್ಡ್ ಮಕ್ಕಳ ಜೀವ ತಿನ್ನುತ್ತದೆ ಎಂದು ಹಿತೈಷಿಗಳು ಹೆದರಿಸಿದರು. ರೋಗ ಹೋದ ಮೇಲೆ ವಿಷವೇಕೆ ಎಂದು ತಾಯಿ ಮಾತ್ರೆ ಕೊಡುವುದನ್ನು ಬಿಟ್ಟರು. ಪ್ರೀತಿಯಿಂದ ಮಾಡಿದ ಕೆಲಸವದು. ಆದರೆ ಸ್ಟೆರಾಯ್ಡನ್ನು ಹೀಗೆ ಏಕಾಏಕಿ ನಿಲ್ಲಿಸುವುದು ಅಪಾಯ. ವಾರಗಟ್ಟಲೆ ಹೊರಗಿನಿಂದ ಪೂರೈಕೆಯಾಗಿದ್ದ ಹಾರ್ಮೋನನ್ನು ದೇಹ ತಾನೇ ತಯಾರಿಸುವುದನ್ನು ಮರೆತಿರುತ್ತದೆ. ಕೆಲವೇ ದಿನಗಳಲ್ಲಿ ಜ್ವರದ ಜೊತೆಗೆ ಊತವೂ ಮರಳಿ, ಹುಡುಗ ಆಸ್ಪತ್ರೆ ಸೇರಬೇಕಾಯಿತು. ಒಂಬತ್ತು ದಿನ ತಾಯಿ ಆಸ್ಪತ್ರೆಯಲ್ಲೇ ಉಳಿದರು. ತಂದೆ ಸಂಬಳ ಕಳೆದುಕೊಂಡರು.

ಈ ಸಲ ಅಲ್ಲಿನ ದಾದಿಯೊಬ್ಬರು ತಾಯಿಗೆ ಒಂದು ವಿದ್ಯೆ ಕಲಿಸಿದರು. ದಿನಾ ಬೆಳಗಿನ ಮೊದಲ ಮೂತ್ರಕ್ಕೆ ಪರೀಕ್ಷಾ ಪಟ್ಟಿಯನ್ನು ಅದ್ದಿ, ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿ, ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ‘ಇಲ್ಲ’, ‘ಒಂದು’, ‘ಎರಡು’, ‘ಮೂರು’ ಎಂದು ಬರೆಯುವುದು. ಪಟ್ಟಿ ಮುಗಿದರೆ ಸಲ್ಫೊಸ್ಯಾಲಿಸಿಲಿಕ್ ಆಮ್ಲದ ಕೆಲವು ಹನಿ ಸಾಕು. ಪ್ರೋಟೀನು ಇದ್ದರೆ ಮೂತ್ರ ಹಾಲಿನಂತೆ ಬೆಳ್ಳಗಾಗುತ್ತದೆ. ಸತತ ಮೂರು ದಿನ ‘ಮೂರು’ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ಊತಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ಏಳನೇ ತರಗತಿಯವರೆಗೆ ಓದಿದ ಆ ತಾಯಿಯ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ನನ್ನ ಸೇವಾವಧಿಯಲ್ಲಿ ಅಷ್ಟು ಪ್ರಾಮಾಣಿಕವಾದ ದಾಖಲೆ ಪುಸ್ತಕಗಳನ್ನು ಕಂಡದ್ದು ಕಡಿಮೆ. ಅನಂತರ ಎರಡು ಸಲ ಕಾಯಿಲೆ ಮರುಕಳಿಸಿತು. ಎರಡು ಸಲವೂ ಕಣ್ಣಿನ ರೆಪ್ಪೆ ಊದುವ ಮೊದಲೇ ಅವರು ಕಂಡುಹಿಡಿದರು. ಆಸ್ಪತ್ರೆ ಸೇರುವ ಪ್ರಮೇಯ ಬರಲಿಲ್ಲ. ಸ್ಪಂದಿಸುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಯಿಲೆ ಹೀಗೆ ಮರುಕಳಿಸುವುದು ಸಹಜ. ಬೆಳೆಯುತ್ತಾ ಹೋದಂತೆ ಅದು ಬಹುತೇಕರನ್ನು ಬಿಟ್ಟುಹೋಗುತ್ತದೆ, ಮೂತ್ರಪಿಂಡಗಳು ಚೆನ್ನಾಗಿಯೇ ಉಳಿಯುತ್ತವೆ. ಸ್ಟೆರಾಯ್ಡ್‌ಗೆ ಜಗ್ಗದ ಕೆಲವರಿಗೆ ಮಾತ್ರ ಬಯಾಪ್ಸಿ, ಬೇರೆ ಔಷಧಿ, ಕೆಲವೊಮ್ಮೆ ವಂಶವಾಹಿ ಪರೀಕ್ಷೆ ಬೇಕಾಗುತ್ತದೆ.

ಅಂಥವರಿಗಾಗಿ ಬೆಂಗಳೂರಿನಲ್ಲಿ ತಜ್ಞರಿದ್ದಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಡಾ. ಕಿಶೋರ್ ಫಡ್ಕೆಯವರು ಕಟ್ಟಿ ಬೆಳೆಸಿದ ಮಕ್ಕಳ ಮೂತ್ರಪಿಂಡ ವಿಭಾಗಕ್ಕೆ ದೇಶದಲ್ಲಿಯೇ ಹೆಸರಿದೆ. ಸರ್ಕಾರದ ಕಡೆಯಿಂದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಗಳಿವೆ. ತುಮಕೂರಿನಿಂದ ಅಲ್ಲಿಗೆ ಎಪ್ಪತ್ತು ಕಿಲೊಮೀಟರು. ದೂರ ದೊಡ್ಡದಲ್ಲ, ಯಾರನ್ನು ಕಳುಹಿಸಬೇಕು, ಯಾವಾಗ ಕಳುಹಿಸಬೇಕು ಎಂಬುದೇ ಪ್ರಶ್ನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ನಾವು ಹಣವನ್ನು ಎಲ್ಲಿ ಸುರಿಯುತ್ತಿದ್ದೇವೆ ಎಂಬುದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ, 2018ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇವೆರಡೂ ಬಡವರ ಪಾಲಿಗೆ ದೊಡ್ಡ ಆಸರೆ. ನಾನು ಅವನ್ನು ಹಳಿಯುತ್ತಿಲ್ಲ. ಆದರೆ ಇಂಥ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿಯೇ ಇದ್ದು ಕಾಯಿಲೆಯನ್ನು ಹತೋಟಿಯಲ್ಲಿಡುವ ತಾಯಿಯ ಮಾತ್ರೆಗೂ, ಪರೀಕ್ಷಾ ಪಟ್ಟಿಗೂ, ಬಸ್ ಚಾರ್ಜಿಗೂ ಅದರಿಂದ ಚಿಕ್ಕಾಸೂ ಬರುವುದಿಲ್ಲ. ಕೆಲವೇ ರೂಪಾಯಿಯ ಪಟ್ಟಿಯನ್ನು ಕೊಳ್ಳಲಾಗದೆ ಕಾಯಿಲೆ ಉಲ್ಬಣಿಸಿದರೆ ಆಗ ಮಾತ್ರ ಐದು ಲಕ್ಷ ರೂಪಾಯಿವರೆಗಿನ ಬಾಗಿಲು ತೆರೆಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಎಂದರೆ ಇದೇ.

ಕೊಡಲಿಯೂ ಎಲ್ಲ ಮಕ್ಕಳಿಗೆ ದಕ್ಕುವುದಿಲ್ಲ. ಡಯಾಲಿಸಿಸ್ ಉಚಿತವೆಂದೇ ಇಟ್ಟುಕೊಳ್ಳೋಣ. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ 156 ದಿನ ಮಗುವಿನ ಶಾಲೆ ತಪ್ಪುತ್ತದೆ, ಜೊತೆಗೆ ಬರುವ ತಂದೆ ಅಥವಾ ತಾಯಿಯ ಕೂಲಿ ಹೋಗುತ್ತದೆ. ಯಾವ ಯೋಜನೆಯೂ ಆ ಕೂಲಿಯನ್ನು ತುಂಬಿಕೊಡುವುದಿಲ್ಲ. ಎಳೆಯ ಮಕ್ಕಳಿಗೆ ವಯಸ್ಕರ ಯಂತ್ರದ ಸಲಕರಣೆಗಳು ಒಗ್ಗುವುದೂ ಇಲ್ಲ. ಅವರಿಗೆ ಹೊಟ್ಟೆಯ ಪೊರೆಯ ಮೂಲಕ ಮಾಡುವ ಡಯಾಲಿಸಿಸ್ ಸೂಕ್ತ. 2019ರಲ್ಲಿ ಅದಕ್ಕೆ ಕೇಂದ್ರದ ಮಾರ್ಗಸೂಚಿ ಬಂದಿತಾದರೂ ಅದನ್ನು ಮಕ್ಕಳಿಗೆ ಮಾಡಬಲ್ಲ ಕೈಗಳು ದೊಡ್ಡ ನಗರಗಳಲ್ಲೇ ಉಳಿದಿವೆ. ಮೂತ್ರಪಿಂಡದ ಕಸಿ ಉತ್ತಮ ಪರಿಹಾರ. ಆದರೆ ದಾನಿ ಸಿಗಬೇಕು, ಜೀವನಪರ್ಯಂತ ಔಷಧಿ ನಡೆಯಬೇಕು. ಮಗುವಿಗೆ ಮೂತ್ರಪಿಂಡ ಕೊಡಲು ಮುಂದೆ ಬರುವವಳು ಹೆಚ್ಚಾಗಿ ತಾಯಿಯೇ.

ಹಾಗಾದರೆ ಜಪಾನಿನಂತೆ ಎಲ್ಲ ಶಾಲಾ ಮಕ್ಕಳ ಮೂತ್ರವನ್ನೂ ಪ್ರತಿವರ್ಷ ಪರೀಕ್ಷಿಸಬೇಕೆ? ಅಲ್ಲಿ 1974ರಿಂದ ಆ ಪದ್ಧತಿ ನಡೆದುಬಂದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮಾತ್ರ ಎಲ್ಲ ಮಕ್ಕಳಿಗೂ ಮಾಡುವ ಇಂಥ ಪರೀಕ್ಷೆಯ ಶಿಫಾರಸನ್ನು 2007ರಲ್ಲಿ ಕೈಬಿಟ್ಟಿತು. ಆರೋಗ್ಯವಂತ ಮಕ್ಕಳಲ್ಲಿಯೂ ಒಮ್ಮೊಮ್ಮೆ ಪ್ರೋಟೀನು ಕಾಣಿಸಿಕೊಂಡು ಅನಗತ್ಯ ಗಾಬರಿ, ಖರ್ಚುಗಳಿಗೆ ದಾರಿಯಾಗುತ್ತದೆಂಬುದು ಸುಳ್ಳಲ್ಲ. ನಮ್ಮ ಶಕ್ತಿಗೆ ಹೊಂದುವುದು ಆಯ್ದು ನೋಡುವ ಕ್ರಮ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಹೋಗಬೇಕೆಂಬ ನಿಯಮವಿದೆ. ಹುಟ್ಟು ಹೃದ್ರೋಗ, ಸೀಳುತುಟಿಯಿಂದ ಹಿಡಿದು ಹಲ್ಲಿನ ಹುಳುಕಿನವರೆಗೆ ಮೂವತ್ತರಷ್ಟು ತೊಂದರೆಗಳು ಅವರು ಹುಡುಕಬೇಕಾದ ಪಟ್ಟಿಯಲ್ಲಿವೆ. ಆರಂಭದಲ್ಲಿ ರೂಪಿಸಿದ ಆ ಪಟ್ಟಿಯಲ್ಲಿ ಮೂತ್ರಪಿಂಡಕ್ಕೆ ಸ್ಥಾನ ಸಿಗಲಿಲ್ಲ.

ಆ ತಂಡದ ಚೀಲಕ್ಕೆ ಒಂದು ಡಬ್ಬಿ ಪರೀಕ್ಷಾ ಪಟ್ಟಿ, ಮಕ್ಕಳ ಅಳತೆಯ ರಕ್ತದೊತ್ತಡ ಪಟ್ಟಿ ಇವೆರಡನ್ನು ಸೇರಿಸಿದರೆ ಸಾಕು. ಮುಖ ಊದಿಕೊಂಡ ಮಗು, ಬೆಳವಣಿಗೆ ಕುಂಠಿತವಾದ ಮಗು, ರಕ್ತಹೀನತೆ ನೀಗದ ಮಗು, ಹಗಲಿನಲ್ಲೂ ಬಟ್ಟೆ ಒದ್ದೆ ಮಾಡಿಕೊಳ್ಳುವ ಮಗು, ತೂಕ ಕಡಿಮೆಯಾಗಿ ಅಥವಾ ಅವಧಿಗೆ ಮೊದಲು ಹುಟ್ಟಿದ ಮಗು ಇಷ್ಟು ಜನರನ್ನು ನೋಡಲಿ. ಗರ್ಭದಲ್ಲಿ ಮೂತ್ರಪಿಂಡ ಹಿಗ್ಗಿದ್ದುದು ಕಂಡಿದ್ದರೆ ತಾಯಿ ಕಾರ್ಡಿನಲ್ಲಿ ಅದನ್ನು ನಮೂದಿಸಿ, ಮಗುವಿನ ಸ್ಕ್ಯಾನ್ ಆಗಿದೆಯೇ ಎಂದು ಆಶಾ ಕಾರ್ಯಕರ್ತೆ ವಿಚಾರಿಸಲಿ. ಪ್ರಯೋಗಾಲಯಗಳು ಮಕ್ಕಳ ವರದಿಯಲ್ಲಿ ಮಕ್ಕಳ ಸಹಜ ಪ್ರಮಾಣವನ್ನೇ ಅಚ್ಚು ಹಾಕಲಿ. ರೋಗ ಖಚಿತವಾದವರಿಗೆ ಪ್ರೆಡ್ನಿಸೊಲೋನ್ ಮತ್ತು ಪರೀಕ್ಷಾ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗಲಿ. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಇಂಥ ಮಕ್ಕಳಿಗೆ ಮೀಸಲಾಗಲಿ. ಇ-ಸಂಜೀವಿನಿಯ ಮೂಲಕ ಬೆಂಗಳೂರಿನ ತಜ್ಞರ ಸಲಹೆ ಅಲ್ಲಿಗೇ ಬರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾಯ್ದೆ ಬೇಕಿಲ್ಲ.

ಎದುರು ಮನೆಯ ಹುಡುಗನಿಗೆ ಈಗ ಮಾತ್ರೆಯಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಗೇಟಿಗೆ ಚೆಂಡು ಹೊಡೆದು ನನ್ನಿಂದ ಬೈಸಿಕೊಳ್ಳುತ್ತಾನೆ. ಅವನ ತಾಯಿ ಇಂದಿಗೂ ಜ್ವರ ಬಂದ ದಿನ ಪಟ್ಟಿ ಅದ್ದಿ ನೋಡಿ ಬರೆದಿಡುತ್ತಾರೆ. ಅವರ ನೋಟ್‌ಬುಕ್ಕಿನಲ್ಲಿರುವ ಆ ಒಂದು ಅಂಕಣ ನಮ್ಮ ಜಿಲ್ಲೆಯ ಮುಂದಿನ ಪ್ರಗತಿ ಪರಿಶೀಲನಾ ಸಭೆಯ ನಮೂನೆಯಲ್ಲಿಯೂ ಸೇರಲಿ. ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಕುರ್ಚಿಯಲ್ಲಿ ಈಗ ಕುಳಿತಿರುವವರು ಕೇಳಲಿ.